ಸಿಗರೇಟು ಬಿಡಲು ವೇಪ್ ಬೇಕೇ?

ಪ್ರಶ್ನೆ: ವಯಸ್ಸು 38. ದಿನಕ್ಕೊಂದು ಪ್ಯಾಕ್ ಸಿಗರೇಟು ಸೇದುವ ಅಭ್ಯಾಸವಿದೆ. ಬಿಡಬೇಕಾದರೆ ವೇಪ್ ಒಳ್ಳೆಯದೆಂದು ಲಂಡನ್ನಿನಲ್ಲಿರುವ ತಮ್ಮ ಹೇಳುತ್ತಾನೆ. ತರಿಸಿಕೊಳ್ಳಬಹುದೇ?

ಉತ್ತರ: ವೇಪ್‌ನಲ್ಲಿ, ಅಂದರೆ ನಿಕೋಟಿನ್ ಬೆರೆತ ದ್ರವವನ್ನು ಬ್ಯಾಟರಿಯಿಂದ ಕಾಯಿಸಿ ಆವಿಯಾಗಿಸುವ ಸಾಧನದಲ್ಲಿ, ತಂಬಾಕು ಉರಿಯುವುದಿಲ್ಲವಾದ್ದರಿಂದ ಟಾರು, ಕಾರ್ಬನ್ ಮಾನಾಕ್ಸೈಡ್‌ಗಳ ಹಾವಳಿ ತಪ್ಪುತ್ತದೆಂಬುದು ನಿಜ; ಬ್ರಿಟನ್ನಿನ ಆರೋಗ್ಯ ಸೇವೆಯು ವಯಸ್ಕ ಧೂಮಪಾನಿಗಳಿಗೆ ಅದನ್ನು ಸೂಚಿಸುವುದೂ ಈ ಕಾರಣಕ್ಕೇ. ಆದರೆ ಕಡಿಮೆ ಹಾನಿಯೆಂದರೆ ಹಾನಿಯೇ ಇಲ್ಲವೆಂದಲ್ಲ, ನಿಕೋಟಿನ್ ಚಟವೂ ಬಿಡುವುದಿಲ್ಲ. ಮೇಲಾಗಿ 2019ರ ಕಾಯ್ದೆಯು ಭಾರತದಲ್ಲಿ ಇದರ ಆಮದು, ಮಾರಾಟ, ದಾಸ್ತಾನುಗಳನ್ನು ನಿಷೇಧಿಸಿರುವುದರಿಂದ ತಾವು ತರಿಸಿಕೊಳ್ಳುವಂತಿಲ್ಲ.

ವೇಪ್ ಬದಲು, ಸಿಗರೇಟು ಬಿಡಲು ಜಗಿಯುವ ನಿಕೋಟಿನ್ ಗಮ್ ಬಳಸಬಹುದು. ಎದ್ದ ಅರ್ಧ ಗಂಟೆಯೊಳಗೆ ಸಿಗರೇಟು ಬೇಕೆನಿಸುವವರಿಗೆ 4 ಮಿಲಿಗ್ರಾಂ, ಉಳಿದವರಿಗೆ 2 ಮಿಲಿಗ್ರಾಂ ಗಮ್ ಹೊಂದುತ್ತದೆ. ಅದನ್ನು ಒಂದೇ ಸಮನೆ ಜಗಿಯದೆ, ಬಾಯಿ ಚುರುಗುಟ್ಟಿದೊಡನೆ ಕೆನ್ನೆಗೂ ಒಸಡಿಗೂ ನಡುವೆ ಒತ್ತರಿಸಿಟ್ಟು, ಚುರುಕು ಇಳಿದ ಮೇಲೆ ಮತ್ತೆ ಜಗಿಯಬೇಕು, ಕಾಫಿ ಕುಡಿದು 15 ನಿಮಿಷ ಕಳೆಯುವವರೆಗೆ ಬಾಯಿಗೆ ಹಾಕಬಾರದು. ಗಮ್ ಫಲಿಸಲಿಲ್ಲವೆನ್ನುವವರಲ್ಲಿ ಅನೇಕರು ಎಡವುವುದು ಇಲ್ಲಿಯೇ. ಸಿಗರೇಟು ಬಿಟ್ಟ ಮೊದಲ ಕೆಲವು ದಿನಗಳ ಸಿಡುಕು, ನಿದ್ದೆಗೇಡು ವಾರಗಳಲ್ಲಿ ತಗ್ಗುತ್ತವೆ. ಹೃದ್ರೋಗ ಅಥವಾ ಖಿನ್ನತೆಯಿದ್ದರೆ ಗಮ್ ಆರಂಭಿಸುವ ಮುನ್ನವೇ ವೈದ್ಯರನ್ನು ಕಾಣಬೇಕು. ಸಿಗರೇಟಿನ ಬಯಕೆ ತಗ್ಗಿಸುವ ವರೆನಿಕ್ಲಿನ್ ಮಾತ್ರೆಯನ್ನು ಬರೆದುಕೊಡುವವರೂ ಅವರೇ. ಕಫದಲ್ಲಿ ರಕ್ತ ಕಂಡರೆ ಒಂದು ದಿನವೂ ತಡಮಾಡಬಾರದು. ಆಪ್ತಸಲಹೆಗೆ ಶುಲ್ಕವಿಲ್ಲದ ರಾಷ್ಟ್ರೀಯ ಸಹಾಯವಾಣಿ 1800-11-2356ಕ್ಕೆ ಕರೆ ಮಾಡಬಹುದು.