ಮದುವೆ ನಂತರ ಹೆಸರು ಬದಲಾವಣೆ: ಮೊದಲು ಇನಿಷಿಯಲ್ ತೀರ್ಮಾನಿಸಿ

ಮದುವೆಯಾದ ಹೆಣ್ಣುಮಕ್ಕಳು ಹೆಸರು ಬದಲಿಸಿಕೊಳ್ಳಲೇಬೇಕು ಎಂಬ ಕಾನೂನು ನಮ್ಮಲ್ಲಿಲ್ಲ. ತವರಿನ ಹೆಸರಿನಲ್ಲೇ ಬ್ಯಾಂಕ್ ಖಾತೆ, ನೌಕರಿ, ಪಾಸ್‌ಪೋರ್ಟ್ ಎಲ್ಲವೂ ನಡೆಯುತ್ತವೆ. ಅತ್ತೆಮನೆಯವರು ಹೇಳಿದರೆಂದೋ, ಏಜೆಂಟ್ ಹೆದರಿಸಿದನೆಂದೋ ಅರ್ಜಿ ಹಾಕಬೇಡಿ. ಬದಲಿಸಬೇಕೆಂದು ನಿಮಗೇ ಅನ್ನಿಸಿದ್ದರೆ ಈ ಕ್ರಮದಲ್ಲಿ ಮಾಡಿ. ಕ್ರಮ ತಪ್ಪಿ ಮಾಡಿದವರೇ ಕಚೇರಿಯಿಂದ ಕಚೇರಿಗೆ ಅಲೆಯುತ್ತಿರುವುದು.

ಮೊದಲು ಬೇಕಾದದ್ದು ವಿವಾಹ ನೋಂದಣಿ ಪ್ರಮಾಣಪತ್ರ. ಛತ್ರದ ರಸೀದಿ, ದೇವಸ್ಥಾನದವರು ಕೊಟ್ಟ ಪತ್ರ, ಲಗ್ನಪತ್ರಿಕೆ ಇವೆಲ್ಲ ಪೂರಕ ದಾಖಲೆಗಳಷ್ಟೇ. ಅವು ಇದರ ಬದಲಿಗೆ ನಿಲ್ಲುವುದಿಲ್ಲ. ಹಿಂದೂ ವಿವಾಹಗಳಿಗೆ ಕಾವೇರಿ 2.0 ಜಾಲತಾಣದಲ್ಲಿ ಅಥವಾ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅರ್ಜಿ ಹಾಕಬಹುದು. ಇಲ್ಲಿ ನಿಮ್ಮ ಹಳೆಯ ಹೆಸರನ್ನೇ, ಆಧಾರ್‌ನಲ್ಲಿ ಇದ್ದಂತೆಯೇ ಬರೆಯಿರಿ. ಹೊಸ ಹೆಸರನ್ನು ಈಗಲೇ ಹಾಕಿಬಿಟ್ಟರೆ ಮದುವೆಯಾದದ್ದು ನೀವೇ ಎಂದು ತೋರಿಸುವ ಕೊಂಡಿ ತಪ್ಪಿಹೋಗುತ್ತದೆ.

ಇನ್ನು ನಾನು ಪದೇ ಪದೇ ನೋಡುವ ತಪ್ಪಿಗೆ ಬರುತ್ತೇನೆ. ನಮ್ಮ ಹಳೆ ಮೈಸೂರು ಕಡೆಯ ಹೆಸರುಗಳಲ್ಲಿ ಮನೆತನದ ಹೆಸರು ಕಡಿಮೆ, ಇನಿಷಿಯಲ್ ಜಾಸ್ತಿ. ಸವಿತಾ ಟಿ. ಎಂ. ಎಂದರೆ ಊರು ತಿಪಟೂರು, ತಂದೆ ಮಹದೇವಯ್ಯ. ಆಕೆ ಹರೀಶ್ ಎಂಬುವರನ್ನು ಮದುವೆಯಾಗಿ, ಆಧಾರ್‌ನಲ್ಲಿ ‘ಸವಿತಾ ಎಚ್.’ ಎಂದು ಬದಲಿಸಿಕೊಳ್ಳುತ್ತಾರೆ ಎನ್ನಿ. ಪ್ಯಾನ್ ಅರ್ಜಿಯಲ್ಲಿ ಕೊನೆಯ ಹೆಸರಿನ ಜಾಗಕ್ಕೆ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಪಾಸ್‌ಪೋರ್ಟ್ ಅರ್ಜಿಯಲ್ಲೂ ಹಾಗೆಯೇ. ಆಗ ಅಲ್ಲಿ ‘ಸವಿತಾ ಹರೀಶ್’, ಇಲ್ಲಿ ‘ಸವಿತಾ ಎಚ್.’ ಎಂದಾಗಿ, ಪ್ಯಾನ್–ಆಧಾರ್ ಹೆಸರು ತಾಳೆಯಾಗದೆ ಪಿಎಫ್ ಹಣ ತೆಗೆಯುವಾಗಲೋ ಸಾಲದ ಅರ್ಜಿಯಲ್ಲೋ ಕೆಲಸ ನಿಲ್ಲುತ್ತದೆ. ಜೊತೆಗೆ ಇಂಗ್ಲಿಷ್ ಕಾಗುಣಿತ: ಸವಿತಾ ಬರೆಯುವಾಗ ‘ಟಿ’ ಮುಂದೆ ‘ಎಚ್’ ಇದೆಯೋ ಇಲ್ಲವೋ? ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೇಗಿದೆಯೋ ಹಾಗೆಯೇ ಇಟ್ಟುಕೊಳ್ಳಿ. ಯಾವ ಅರ್ಜಿಗೂ ಕೈ ಹಾಕುವ ಮೊದಲು ಹೊಸ ಹೆಸರನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ, ಇನಿಷಿಯಲ್ ಇಲ್ಲದೆ ಪೂರ್ತಿಯಾಗಿ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಎಲ್ಲ ಕಡೆಗೂ ಅದೇ ಹಾಳೆ ಒಯ್ಯಿರಿ, ನೆನಪಿನಿಂದ ಬರೆಯಬೇಡಿ.

ಇಷ್ಟು ಒತ್ತಿ ಹೇಳಲು ಕಾರಣವಿದೆ. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಸಿಗುವುದು 2 ಅವಕಾಶ ಮಾತ್ರ. ಹಿಂದೆ ಕಾಗುಣಿತ ತಿದ್ದಿಸಿದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ. ಆಧಾರ್ ಕೇಂದ್ರಕ್ಕೆ ವಿವಾಹ ಪ್ರಮಾಣಪತ್ರದ ಮೂಲಪ್ರತಿ ಮತ್ತು ಹಳೆಯ ಹೆಸರಿನ ಗುರುತಿನ ಚೀಟಿ ಒಯ್ಯಿರಿ. ಆಪರೇಟರ್ ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಕನ್ನಡದ ಹೆಸರು ಕಂಪ್ಯೂಟರಿನಲ್ಲಿ ತಾನಾಗಿಯೇ ಮೂಡುತ್ತದೆ, ಅದು ಹಲವು ಸಲ ತಪ್ಪಾಗಿರುತ್ತದೆ. ಹಿಂದೆ ಸರತಿ ಎಷ್ಟೇ ಉದ್ದವಿರಲಿ, ಪರದೆಯ ಮೇಲೆ ಎರಡೂ ಭಾಷೆಯಲ್ಲಿ ಅಕ್ಷರ ಅಕ್ಷರ ಓದಿ ಒಪ್ಪಿಗೆ ಕೊಡಿ. ಅದು ನಿಮ್ಮ ಹಕ್ಕು.

ಕೆಲವು ಮನೆಗಳಲ್ಲಿ ಸೊಸೆಗೆ ಹೊಸ ಹೆಸರನ್ನೇ ಇಡುವ ವಾಡಿಕೆ ಇದೆ. ಸವಿತಾ ಹೋಗಿ ಗೌರಿ ಆದರೆ ವಿವಾಹ ಪ್ರಮಾಣಪತ್ರ ಸಾಲದು. ನೋಟರಿ ಅಫಿಡವಿಟ್, ಪತ್ರಿಕೆಗಳಲ್ಲಿ ಜಾಹೀರಾತು, ಆಮೇಲೆ ಗೆಜೆಟ್ ಪ್ರಕಟಣೆ ಬೇಕು. ಜಾಹೀರಾತು ಹಾಕಿಸಿ ಕೆಲಸ ಮುಗಿಯಿತು ಎಂದು ಕೂತವರು ಬಹಳ ಮಂದಿ. ಗೆಜೆಟ್ ಇಲ್ಲದೆ ಅದು ಪೂರ್ತಿಯಾಗದು. ಮನೆಯಲ್ಲಿ ಏನೆಂದು ಬೇಕಾದರೂ ಕರೆಯಲಿ, ದಾಖಲೆಯಲ್ಲಿ ಹುಟ್ಟಿದ ಹೆಸರು ಉಳಿಸಿಕೊಳ್ಳುವುದೇ ಒಳ್ಳೆಯದು ಎಂಬುದು ನನ್ನ ಸಲಹೆ.

ಆಧಾರ್ ಕೈಗೆ ಬಂದ ಮೇಲೆ ಪ್ಯಾನ್. ಅಲ್ಲಿ ‘ತಂದೆಯ ಹೆಸರು’ ಎಂಬಲ್ಲಿ ತಂದೆಯ ಹೆಸರೇ ಇರಬೇಕು, ಗಂಡನದಲ್ಲ. ಪಾಸ್‌ಪೋರ್ಟ್‌ಗೆ ‘ಮರುವಿತರಣೆ’ ಅರ್ಜಿ. ಹಳೆಯ ಹೆಸರಿನಲ್ಲಿ ವಿಮಾನದ ಟಿಕೆಟ್, ವೀಸಾ ಆಗಿದ್ದರೆ ಪ್ರವಾಸ ಮುಗಿಸಿಕೊಂಡು ಬಂದು ಅರ್ಜಿ ಹಾಕಿ.

ಬ್ಯಾಂಕಿನಲ್ಲಿ ಹೊಸ ಆಧಾರ್, ಪ್ಯಾನ್ ಕೊಟ್ಟು ಕೆವೈಸಿ ಮಾಡಿಸಿ. ಹಳೆಯ ಹೆಸರಿನ ಗುರುತಿನ ಚೀಟಿಯನ್ನೂ ವಿವಾಹ ಪ್ರಮಾಣಪತ್ರದ ಜೊತೆ ಒಪ್ಪಬೇಕೆಂದು ರಿಸರ್ವ್ ಬ್ಯಾಂಕ್ ನಿಯಮವೇ ಇದೆ. ಕೌಂಟರಿನಲ್ಲಿ ಇಲ್ಲವೆಂದರೆ ಮ್ಯಾನೇಜರನ್ನು ಕೇಳಿ. ಮತದಾರರ ಪಟ್ಟಿಗೆ ಫಾರ್ಮ್ 8. ಪಡಿತರ ಚೀಟಿಯಲ್ಲಿ ಮೊದಲು ತವರಿನ ಕಾರ್ಡಿನಿಂದ ಹೆಸರು ತೆಗೆಸಿ, ನಂತರ ಗಂಡನ ಮನೆಯ ಕಾರ್ಡಿಗೆ ಸೇರಿಸಿ. ಅಂಕಪಟ್ಟಿ, ಪದವಿ ಪತ್ರ ಬದಲಿಸುವ ಅಗತ್ಯವಿಲ್ಲ. ಹಳೆಯ ಹೆಸರಿನ ಕ್ರಯಪತ್ರವೂ ಹಾಗೇ ಇರಲಿ, ವಿವಾಹ ಪ್ರಮಾಣಪತ್ರದ ಪ್ರತಿಯನ್ನು ಅದರ ಜೊತೆಗಿಡಿ. ಪಿಎಫ್‌ಗೆ ಹೊಸ ನಾಮಿನೇಷನ್ ಸಲ್ಲಿಸಿ. ಜೀವವಿಮೆಯಲ್ಲಿ ಮದುವೆಯಾದ ಮಾತ್ರಕ್ಕೆ ನಾಮಿನಿ ಬದಲಾಗುವುದಿಲ್ಲ, ಅದಕ್ಕೂ ನೀವೇ ಪ್ರತ್ಯೇಕ ಅರ್ಜಿ ಕೊಡಬೇಕು.