ನನ್ನ ಪಾಲಿಗೆ ನಾಲ್ಕಾರು ಸ್ವರ, ಬಳಗ ಬಿಡಲೇ?

ಪ್ರಶ್ನೆ: ನಾನು ಶಿವಮೊಗ್ಗದವಳು, ಈಗ ಇಂಗ್ಲೆಂಡಿನಲ್ಲಿ ಕೆಲಸ. ಇಲ್ಲಿನ ಹವ್ಯಾಸಿ ಕ್ಲಾಸಿಕಲ್ ಗಿಟಾರ್ ಬಳಗವೊಂದರಲ್ಲಿ ನುಡಿಸುತ್ತೇನೆ. ಸೋರ್, ತಾರೇಗಾರಂಥ ಹಳೆಯ ಸಂಯೋಜಕರನ್ನು ನುಡಿಸುವಾಗ ಮನಸ್ಸು ತುಂಬಿಬರುತ್ತದೆ. ಈ ಸಲದ ಕಛೇರಿಗೆ ಮಾತ್ರ ಬರೀ ಸಮಕಾಲೀನ ಸಂಗೀತ. ಲಿಯೊ ಬ್ರೌವರ್ ಅವರ ‘ಕ್ಯೂಬನ್ ಲ್ಯಾಂಡ್‌ಸ್ಕೇಪ್ ವಿತ್ ರೇನ್’ನಲ್ಲಿ ನನಗೆ ಬಂದಿರುವುದು ನಾಲ್ಕಾರು ಸ್ವರ, ಅವೇ ಮತ್ತೆ ಮತ್ತೆ. ಗುನುಗಿಕೊಳ್ಳಲು ಒಂದು ಸಾಲೂ ಇಲ್ಲ. ಎಣಿಕೆ ತಪ್ಪಿ ಎಲ್ಲರದ್ದೂ ಕೆಡಿಸುತ್ತೇನೋ ಎಂದು ನಿದ್ದೆ ಬರುತ್ತಿಲ್ಲ. ಬಿಟ್ಟುಬಿಡಲೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಸಂಕಟಗಳಿವೆ. ಸಂಗೀತ ಹಿಡಿಸಿಲ್ಲ, ತಪ್ಪುವ ಭಯವೂ ಇದೆ. ಭಯ ಇರುವ ತನಕ ಹಿಡಿಸಿತೋ ಇಲ್ಲವೋ ನಿಮಗೇ ತಿಳಿಯದು. ಹಾಗಾಗಿ ಮೊದಲು ಭಯದ ಮಾತು.

ಅದಕ್ಕೆ ಕಾರಣ ವಾದ್ಯದಲ್ಲೇ ಇದೆ. ಪಿಟೀಲಿನವರು ಕಮಾನು ಎಳೆಯುತ್ತಾ ಸ್ವರವನ್ನು ಮೆಲ್ಲಗೆ ಒಳತರಬಹುದು. ಗಿಟಾರಿನ ನಾದ ಮೀಟಿದ ಕೂಡಲೇ ಇಳಿಯತೊಡಗುತ್ತದೆ. ಒಬ್ಬರು ಚೂರು ತಡವಾದರೂ ಸಭೆಗೆ ಕೇಳುತ್ತದೆ. ಪಳಗಿದವರಿಗೂ ಇದು ಕಷ್ಟವೇ. ಆದ್ದರಿಂದ ಒಟ್ಟಿಗೆ ಉಸಿರೆಳೆದು ಮೀಟುವುದನ್ನು ಅಭ್ಯಾಸ ಮಾಡಿ. ಎಣಿಕೆಯೊಂದನ್ನೇ ನಂಬಬೇಡಿ: ನಿಮ್ಮ ಸರದಿಗೆ ಮುಂಚೆ ಪಕ್ಕದವರು ನುಡಿಸುವ ಸ್ವರವನ್ನು ನಿಮ್ಮ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಬರೆದುಕೊಳ್ಳಿ. ಎಣಿಕೆ ತಪ್ಪಿದರೂ ಕಿವಿ ಕೈಹಿಡಿಯುತ್ತದೆ. ತಪ್ಪಿದವರು ಮತ್ತೆ ಸೇರಿಕೊಳ್ಳಲು ಎರಡು ಮೂರು ಜಾಗಗಳನ್ನು ಬಳಗದವರೆಲ್ಲ ಕೂತು ಗೊತ್ತುಮಾಡಿ.

ಇನ್ನು ಇಷ್ಟದ ಮಾತು. 1939ರಲ್ಲಿ ಹವಾನಾದಲ್ಲಿ ಹುಟ್ಟಿದ ಬ್ರೌವರ್ ಸ್ವತಃ ಗಿಟಾರ್ ವಾದಕರು. 1984ರ ಈ ಕೃತಿಯಲ್ಲಿ ಅವರು ಸಂಗೀತವನ್ನು ಯಾವ ಒಬ್ಬರ ಕೈಗೂ ಪೂರ್ತಿ ಕೊಟ್ಟಿಲ್ಲ. ಮೊದಲಿಗೆ ಅಲ್ಲೊಂದು ಇಲ್ಲೊಂದು ಹನಿ, ನಾಲ್ಕು ಗಿಟಾರುಗಳಿಗೆ ಹಂಚಿದ ಬಿಡಿ ಸ್ವರಗಳು. ಅವು ಒತ್ತೊತ್ತಾಗಿ ಬರುತ್ತಾ ಜಡಿಮಳೆಯಾಗುತ್ತವೆ. ತಂತಿಯನ್ನು ಎಳೆದು ಫಿಂಗರ್‌ಬೋರ್ಡಿಗೆ ಬಡಿಯುವಂತೆ ಬಿಡುವ ಬಾರ್ಟೋಕ್ ಪಿಟ್ಸಿಕಾಟೊ ಅಲ್ಲಿನ ಆರ್ಭಟ. ಮಲೆನಾಡಿನ ಮಳೆ ಕೇಳಿ ಬೆಳೆದ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೀವು ಮನೆಯಲ್ಲಿ ಒಬ್ಬರೇ ಅಭ್ಯಾಸ ಮಾಡುವಾಗ ಕೇಳುತ್ತಿರುವುದು ಕಾಲು ಭಾಗ ಮಾತ್ರ. ಪೂರ್ತಿ ಸ್ಕೋರ್ ತರಿಸಿಕೊಳ್ಳಿ. ತಾಲೀಮನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ, ಉಳಿದ ಮೂವರ ಮೇಲೆ ಗಮನವಿಟ್ಟು ಕೇಳಿ.

ಆಮೇಲೂ ಹಿಡಿಸದಿದ್ದರೆ ಅದರಲ್ಲಿ ತಪ್ಪಿಲ್ಲ. ಸಂಯೋಜಕ ಫ್ರಾಂಕ್ ಮಾರ್ಟಿನ್ 1933ರಲ್ಲಿ ಗಿಟಾರಿಗೆಂದು ಬರೆದ ‘ನಾಲ್ಕು ಕಿರು ರಚನೆ’ಗಳನ್ನು ಮಹಾನ್ ಗಿಟಾರ್ ವಾದಕ ಸೆಗೋವಿಯಾ ಕೈಗೆತ್ತಿಕೊಳ್ಳಲೇ ಇಲ್ಲ. ಇಂದು ಅವು ಗಿಟಾರ್ ಲೋಕ ಗೌರವಿಸುವ ಕೃತಿಗಳು. ದೊಡ್ಡವರ ರುಚಿಗೂ ಮಿತಿಯಿರುತ್ತದೆ. ಕೃತಿಗೂ ಕಾಲ ಬೇಕಾಗುತ್ತದೆ. ಆದರೆ ಸೆಗೋವಿಯಾ ಬೇಡವೆಂದದ್ದು ಒಬ್ಬರೇ ನುಡಿಸುವ ಸಂಗೀತವನ್ನು. ನೀವು ಎದ್ದು ಹೋದರೆ ಉಳಿದವರ ಮಳೆ ನಿಂತುಹೋಗುತ್ತದೆ.

ಆದ್ದರಿಂದ ಈ ಕಛೇರಿ ಬಿಡಬೇಡಿ. ನಿಮ್ಮ ಭಯವನ್ನು ಮುಂದಿನ ತಾಲೀಮಿನಲ್ಲೇ ಬಳಗದ ಮುಖ್ಯಸ್ಥರಿಗೆ ಹೇಳಿ; ಇದೇ ಭಯ ಇನ್ನೊಬ್ಬರಿಗೂ ಇರಬಹುದು. ಮುಂದಿನ ಕಾರ್ಯಕ್ರಮದಲ್ಲಿ ಹಳೆಯ ಕೃತಿಗಳೂ ಇರಲಿ ಎಂದು ಸಂಕೋಚವಿಲ್ಲದೆ ಕೇಳಿ. ಬಳಗದಲ್ಲಿ ಉಳಿಯುವುದೋ ಬಿಡುವುದೋ, ವೇದಿಕೆಯ ಮೇಲೆ ಒಮ್ಮೆ ಪೂರ್ತಿ ನುಡಿಸಿದ ಮೇಲೆ ತೀರ್ಮಾನಿಸಿ.