ಮನೆಯಲ್ಲೇ ಹೆರಿಗೆ ಎನ್ನುವ ಮುನ್ನ

ತಮಿಳುನಾಡಿನ ನೆಗಮದ ಮಗ್ಗದ ಮನೆಗಳಲ್ಲಿ ನಮ್ಮ ಅಜ್ಜಿಯರು ಮನೆಯಲ್ಲೇ ಹೆತ್ತರು, ನಿಜ. ಎಷ್ಟು ತೊಟ್ಟಿಲು ಬರಿದಾದವು ಎಂದೂ ಕೇಳಿ ನೋಡಿ. ಮನೆ ಹೆರಿಗೆಯೇ ಅಪರಾಧ ಎನ್ನುವ ಕಾನೂನಿಲ್ಲ. ಹಾಗೆಂದು ಕೇಳುವವರಿಲ್ಲ ಅಂದುಕೊಳ್ಳಬೇಡಿ. 2018ರ ಜುಲೈನಲ್ಲಿ ತಿರುಪ್ಪೂರಿನಲ್ಲಿ ಯೂಟ್ಯೂಬ್ ನೋಡಿ ಮನೆಯಲ್ಲೇ ಹೆರಿಗೆಗಿಳಿದ ತಾಯಿ ರಕ್ತಸ್ರಾವದಿಂದ ತೀರಿಕೊಂಡರು; ಮಗು ಉಳಿಯಿತು, ಗಂಡನ ಬಂಧನವಾಯಿತು. ಹಾಸಿದ ಹಳೇ ಸೀರೆ ತೊಯ್ದು ನೆಲಕ್ಕಿಳಿಯುವಷ್ಟು ರಕ್ತ ಹೋಗಲು ಹೆಚ್ಚು ಹೊತ್ತು ಬೇಡ, ತಾಯಿ.

ಬಸುರಿಯೆಂದು ತಿಳಿದೊಡನೆ ಊರಿನ ನರ್ಸಮ್ಮನ ಬಳಿ ಹೆಸರು ಬರೆಸಿ, ಪಿಕ್ಮಿ (ಬಸುರಿಯರ ನೋಂದಣಿ) ನಂಬರ್ ಪಡೆಯಿರಿ. ಜನನ ಪ್ರಮಾಣಪತ್ರಕ್ಕೆ ಅದನ್ನು ಕೇಳುತ್ತಾರೆ. ನೋವು ಶುರುವಾದರೆ 108ಕ್ಕೆ ಫೋನ್ ಮಾಡಿ, ಅದಕ್ಕೆ ಕಾಸಿಲ್ಲ. ಅಕಸ್ಮಾತ್ ಮನೆಯಲ್ಲೇ ಆಗಿಬಿಟ್ಟರೆ ಬಚ್ಚಿಡಬೇಡಿ. ತಾಯಿ-ಮಗುವನ್ನು ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ, 21 ದಿನದೊಳಗೆ ಜನನ ನೋಂದಾಯಿಸಿ.